ಕಡಲಲ್ಲಿ ಹಕ್ಕಿಗೆ ಕಿವಿಗೊಟ್ಟ ಆಂಟೆನಾ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ, ಬ್ಲಾಕ್ ಐಲೆಂಡ್ ಪಕ್ಕದ ಕಡಲಲ್ಲಿ 5 ಗಾಳಿಯಂತ್ರಗಳು ನಿಂತಿವೆ. 2016ರ ಡಿಸೆಂಬರಿನಿಂದ ಕರೆಂಟ್ ಕೊಡುತ್ತಿವೆ. ಆ ಭಾಗದ ಮರಳದಂಡೆಗಳಲ್ಲಿ ಪೈಪಿಂಗ್ ಪ್ಲವರ್ ಅನ್ನೋ ಪುಟ್ಟ ಹಕ್ಕಿ ಮರಿ ಮಾಡುತ್ತದೆ. ಬೇಸಿಗೆ ಮುಗಿಯುತ್ತಿದ್ದಂತೆ ದಕ್ಷಿಣಕ್ಕೆ ಹೊರಡುತ್ತದೆ. ಆಗ ಅದು ಯಂತ್ರದ ರೆಕ್ಕೆ ತಿರುಗುವ ಎತ್ತರದಲ್ಲೇ ಹಾರುತ್ತದಾ? ತಿಳಿದುಕೊಳ್ಳಬೇಕು, ಅಲ್ವಾ?

ಹಕ್ಕಿಯ ತೂಕ ಸುಮಾರು 50 ಗ್ರಾಂ. ಜಾಸ್ತಿ ಭಾರ ಹೊರಿಸುವಂತಿಲ್ಲ. ಹಾಗಾಗಿ ಬೆನ್ನಿಗೆ ಒಂದು ಪುಟಾಣಿ ರೇಡಿಯೊ ಟ್ಯಾಗ್ ಅಂಟಿಸುತ್ತಾರೆ. ಕೆಲವು ಸೆಕೆಂಡಿಗೊಮ್ಮೆ ಅದು ಮಿಡಿಯುತ್ತದೆ. ಎಷ್ಟೋ ಟ್ಯಾಗುಗಳು ಒಂದೇ ಫ್ರೀಕ್ವೆನ್ಸಿಯಲ್ಲಿರುತ್ತವೆ; ಮಿಡಿತಗಳ ನಡುವಿನ ಅಂತರದಿಂದ ಯಾವ ಹಕ್ಕಿ ಅಂತ ಗೊತ್ತಾಗುತ್ತದೆ. ಈ ಮಿಡಿತಗಳನ್ನು ಕೇಳಿಸಿಕೊಳ್ಳಲು ಅಲ್ಲಲ್ಲಿ ಆಂಟೆನಾ ಕಟ್ಟಿದ ಸ್ಟೇಷನ್‌ಗಳಿರುತ್ತವೆ. ಅಂಥ ಸ್ಟೇಷನ್‌ಗಳ ಜಾಲವೇ ಬರ್ಡ್ಸ್ ಕೆನಡಾ ಸಂಸ್ಥೆಯ ಮೋಟಸ್.

ತೊಡಕು ಇಲ್ಲಿದೆ. ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಅಂತ ಈ ಟ್ಯಾಗ್ ಹೇಳುವುದಿಲ್ಲ. ಯಾವ ಆಂಟೆನಾಗೆ, ಎಷ್ಟು ಜೋರಾಗಿ ಕೇಳಿಸಿತು, ಸ್ಟೇಷನ್‌ಗೆ ಗೊತ್ತಾಗುವುದು ಅಷ್ಟೇ. ಸಿಗ್ನಲ್ ಕ್ಷೀಣವಾಗಿದ್ದರೆ ಹಕ್ಕಿ ದೂರ ಇರಬಹುದು. ಹತ್ತಿರವೇ ಇದ್ದು ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತಿರಬಹುದು. ಆಂಟೆನಾ ಮುಖ ಮಾಡಿದ ದಿಕ್ಕಿನಿಂದ ಪಕ್ಕಕ್ಕೂ ಇರಬಹುದು.

ಅದಕ್ಕೇ ಸ್ಟೇಷನ್ನಿನ ಕಿವಿಯನ್ನು ಮೊದಲು ಪರೀಕ್ಷಿಸಬೇಕು. ಅಂಥದೇ ಟ್ಯಾಗನ್ನು ಡ್ರೋನಿಗೋ ದೋಣಿಗೋ ಕಟ್ಟುತ್ತಾರೆ, ಜೊತೆಗೊಂದು ಜಿಪಿಎಸ್. ಹತ್ತಿರ, ದೂರ, ಮೇಲೆ, ಕೆಳಗೆ, ಆಂಟೆನಾದ ಹಿಂದೆ, ಹೀಗೆ ಸುತ್ತಿಸುತ್ತಾರೆ. ಆಮೇಲೆ ಟ್ಯಾಗ್ ನಿಜವಾಗಿ ಇದ್ದ ಜಾಗವನ್ನೂ ಸ್ಟೇಷನ್ ಬರೆದುಕೊಂಡ ಸಿಗ್ನಲ್ಲನ್ನೂ ಎದುರುಬದುರು ಇಟ್ಟು ನೋಡುತ್ತಾರೆ.

ನೆಲದ ಮೇಲೆ ಮಾಡಿದ ಲೆಕ್ಕವನ್ನು ಸುಮ್ನೆ ಕಡಲಿಗೆ ಒಯ್ದರೆ ನಡೆಯುವುದಿಲ್ಲ. ನೀರು ರೇಡಿಯೊ ಅಲೆಯನ್ನು ಕನ್ನಡಿಯಂತೆ ತಿರುಗಿಸಿ ಕಳಿಸುತ್ತದೆ. ನೇರ ಬಂದ ಅಲೆ, ನೀರಿಗೆ ಬಡಿದು ಬಂದ ಅಲೆ, ಎರಡೂ ಸೇರಿದಾಗ ಸಿಗ್ನಲ್ ಒಮ್ಮೆ ಏರುತ್ತದೆ, ಒಮ್ಮೆ ಪೂರ್ತಿ ಬಿದ್ದುಹೋಗುತ್ತದೆ. ಗಾಳಿಯಂತ್ರದ ಕಂಬಕ್ಕೇ ಆಂಟೆನಾ ಕಟ್ಟಿದರೆ ಇನ್ನೊಂದು ಕಷ್ಟ. ಉಕ್ಕಿನ ಆ ಕಂಬ ಒಂದು ಮಗ್ಗುಲನ್ನೇ ಮರೆಮಾಡುತ್ತದೆ. ಅಲ್ಲಿ ಹಕ್ಕಿ ಹಾರಿದರೂ ದಾಖಲೆಯಲ್ಲಿ ಏನೂ ಇರುವುದಿಲ್ಲ. ಆ ಖಾಲಿ ಜಾಗವನ್ನು "ಹಕ್ಕಿ ಬರಲೇ ಇಲ್ಲ" ಅಂತ ಓದಿಬಿಡುವುದು ನನ್ನ ಪ್ರಕಾರ ಇಡೀ ಕೆಲಸದಲ್ಲೇ ದೊಡ್ಡ ಅಪಾಯ.

ಒಮ್ಮೆ ಪರೀಕ್ಷಿಸಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಉಪ್ಪುಗಾಳಿಗೆ ಕೇಬಲ್ಲಿನ ಜೋಡಣೆಗಳು ಹಸಿರು ಕಿಲುಬು ಹಿಡಿಯುತ್ತವೆ. ಸ್ಟೇಷನ್ ನಡೆಯುತ್ತಲೇ ಇರುತ್ತದೆ, ಆದರೆ ಕಿವಿ ಮಂದವಾಗುತ್ತಾ ಹೋಗುತ್ತದೆ. ಇದನ್ನು ಪತ್ತೆಹಚ್ಚಲು ಸ್ಟೇಷನ್ ಹತ್ತಿರವೇ ಒಂದು ಟ್ಯಾಗನ್ನು ಕಾಯಂ ಆಗಿ ಇಡಬಹುದು. ಅದರ ಸಿಗ್ನಲ್ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ದೋಣಿ ಹತ್ತಿ ಹೋಗಿ ಕೇಬಲ್ ನೋಡಬೇಕಾದ ಹೊತ್ತು ಬಂತು ಅಂತ ಲೆಕ್ಕ.

ನಮಸ್ಕಾರ.