ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?

ನಮಸ್ಕಾರ. ಜಗಳೂರು ಕಡೆಯ ವೀಕ್ಷಕಿಯೊಬ್ಬರು ಕೇಳಿದ್ದಾರೆ: "ಬೋರ್‌ವೆಲ್ ನೀರನ್ನು ಕುದಿಸಿ, ಆರಿಸಿ, ಸೋಸಿ ಕುಡಿಯುತ್ತೇವೆ. ಆದರೂ ಫ್ಲೋರೈಡ್ ಎಂದು ಏಕೆ ಹೆದರಿಸುತ್ತೀರಿ?"

ಹೆದರಿಸುವುದು ನನ್ನ ಕಸುಬಲ್ಲ. ಆದರೆ ಕುದಿಸಿದರೆ ಸಾಯುವುದು ರೋಗಾಣು. ಫ್ಲೋರೈಡ್ ಕಲ್ಲಿನಿಂದ ಕರಗಿ ಬಂದದ್ದು, ಅದಕ್ಕೆ ಜೀವವೇ ಇಲ್ಲ. ಬತ್ತಿದ ಸಾರು ಉಪ್ಪುಪ್ಪಾಗುವ ಹಾಗೆ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಹೆಚ್ಚುತ್ತದೆ.

ಚಿತ್ರದುರ್ಗ, ದಾವಣಗೆರೆ ಸೀಮೆಯ ಕಲ್ಲಿನ ಸಂದಿಯಲ್ಲಿ ನೀರು ಬಹುಕಾಲ ನಿಂತರೆ ಇದು ಸೇರಿಕೊಳ್ಳುತ್ತದೆ. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದ ಕಡೆ 1.5. ಭೂಗೋಳ ಇಷ್ಟು ಸಾಕು, ನನಗೆ ಕಥೆ ಹೇಳುವ ಆಸೆಯಿದೆ.

1901. ಫ್ರೆಡರಿಕ್ ಮೆಕೇ ಎಂಬ ಹೊಸ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ. ಕೇಳಿದರೆ ಊರವರು ಹಂದಿಮಾಂಸ ಹೆಚ್ಚಾಯಿತು ಎಂದರು, ಹಾಲು ಸರಿಯಿಲ್ಲ ಎಂದರು. ಕಾರಣ ಹೇಳುವುದರಲ್ಲಿ ಯಾವ ಊರೂ ಹಿಂದೆ ಬಿದ್ದಿಲ್ಲ! 1923ರಲ್ಲಿ ಐಡಾಹೊದ ಓಕ್ಲಿ ಊರಿನ ತಾಯಂದಿರು ನೇರವಾಗಿ ಸುಳಿವು ಕೊಟ್ಟರು: ಬಿಸಿನೀರಿನ ಬುಗ್ಗೆಯಿಂದ ಕೊಳವೆ ಎಳೆದ ಮೇಲೆಯೇ ಮಕ್ಕಳ ಹಲ್ಲು ಕೆಟ್ಟಿದ್ದು. ಮೆಕೇ ಮಾತು ಕೇಳಿ ಊರು ನೀರು ಬದಲಿಸಿತು. ಆಮೇಲಿನ ಮಕ್ಕಳಿಗೆ ಕಲೆಯಿಲ್ಲ. ಆದರೂ ನೀರಿನಲ್ಲಿ ಇರುವುದೇನೆಂದು ತಿಳಿಯಲಿಲ್ಲ.

ಕೊನೆಗೆ ಸಿಕ್ಕಿಬಿದ್ದದ್ದು ಅಲ್ಯೂಮಿನಿಯಂ ಕಂಪನಿಯೊಂದರ ಪ್ರಯೋಗಾಲಯದಲ್ಲಿ. ಅಲ್ಯೂಮಿನಿಯಂ ಪಾತ್ರೆ ವಿಷವೆಂದು ಗುಲ್ಲೆದ್ದಿದ್ದ ಕಾಲ. ಕಂಪನಿಯ ಗಣಿ ಇದ್ದ ಬಾಕ್ಸೈಟ್ ಎಂಬ ಊರಿನಲ್ಲೂ ಅದೇ ಕಲೆ. ಪಾತ್ರೆಯ ಮಾನ ಉಳಿಸಲು ನೀರು ಪರೀಕ್ಷಿಸಿದ ರಸಾಯನತಜ್ಞ ಚರ್ಚಿಲ್‌ಗೆ 1931ರಲ್ಲಿ ಫ್ಲೋರೈಡ್ ಕಂಡಿತು. ನಂಬಲಾಗದೆ ಮತ್ತೊಮ್ಮೆ ನೀರು ತರಿಸಿದ. ಅದರಲ್ಲೂ ಫ್ಲೋರೈಡ್! ಮೂವತ್ತು ವರ್ಷದ ಪತ್ತೇದಾರಿಕೆ. 1937ರಲ್ಲಿ ನೆಲ್ಲೂರು ಸೀಮೆಯಿಂದ ಬಂದ ವರದಿ, ಹಲ್ಲಷ್ಟೇ ಅಲ್ಲ, ಮೂಳೆಗೂ ಕುತ್ತು ಎಂದು ತೋರಿಸಿತು.

ದೊಡ್ಡವರು ಗಮನಿಸಬೇಕಾದದ್ದು ಇದನ್ನೇ. ಕಲೆ ಮೂಡುವುದು ಬಾಲ್ಯದಲ್ಲಿ, ಹಲ್ಲಿನ ಹೊರಪದರ ರೂಪುಗೊಳ್ಳುವಾಗ. ಮದುವೆಯಾಗಿ ಈ ಊರಿಗೆ ಬಂದವರ ಹಲ್ಲು ಬೆಳ್ಳಗೇ ಇರಬಹುದು. ಮೂಳೆಯಲ್ಲಿ ಮಾತ್ರ ವರ್ಷಗಟ್ಟಲೆ ಫ್ಲೋರೈಡ್ ಜಮೆಯಾಗುತ್ತಿರುತ್ತದೆ. ಕುತ್ತಿಗೆ ತಿರುಗದು, ಬೆನ್ನು ಬಗ್ಗದು, ವಯಸ್ಸಾಯಿತು ಎಂದು ಸುಮ್ಮನಾಗುತ್ತೇವೆ. ಹಾಗೆಂದು ಎಲ್ಲ ಮಂಡಿನೋವೂ ಫ್ಲೋರೋಸಿಸ್, ಅಂದರೆ ಫ್ಲೋರೈಡಿನಿಂದ ಬರುವ ಕಾಯಿಲೆ, ಅಲ್ಲ. ಎಕ್ಸ್‌ರೇ, ಮೂತ್ರ ಪರೀಕ್ಷೆ ನೋಡಿ ವೈದ್ಯರು ಹೇಳಲಿ.

ಸಮಯ ಮುಗಿಯುತ್ತಿದೆ, ಉಳಿದದ್ದು ಒಂದೇ ಉಸಿರಿನಲ್ಲಿ. ಕ್ಯಾಂಡಲ್ ಫಿಲ್ಟರ್, ಯುವಿ ದೀಪ ಫ್ಲೋರೈಡನ್ನು ತಡೆಯುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಆರ್‌ಓ ತಡೆಯುತ್ತದೆ. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿ, ಬೈಕಿನ ಹಿಂದೆ ಕಟ್ಟಿಕೊಂಡು ತರುತ್ತೇವೆ. ಲೋಟಕ್ಕೆ ಮಾತ್ರ ಆ ನೀರು, ಅನ್ನಕ್ಕೂ ಬೇಳೆಗೂ ಬೋರಿನ ನೀರು! ಅಕ್ಕಿ ಹೀರಿದ್ದೂ ಹೊಟ್ಟೆಗೇ ತಾನೇ ಹೋಗುವುದು? ಅಡುಗೆಗೂ ಕ್ಯಾನ್ ನೀರನ್ನೇ ಬಳಸಿ. ರಾಗಿ, ಹಾಲು, ಮೊಸರು ಬಿಡಬೇಡಿ, ಅವುಗಳ ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಫ್ಲೋರೈಡಿನ ಒಂದಷ್ಟು ಪಾಲನ್ನು ಹಿಡಿದಿಡುತ್ತದೆ. ಹೊಸ ಬೋರ್ ಕೊರೆಸಿ ನೀರು ಬಿದ್ದಾಗ ತೆಂಗಿನಕಾಯಿ ಒಡೆಯಿರಿ, ಬೇಡ ಎನ್ನುವುದಿಲ್ಲ. ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೂ ಕೊಡಿ. ಬಾಟಲಿ ಪ್ಲಾಸ್ಟಿಕ್‌ನದೇ ಇರಲಿ, ಗಾಜಿನದು ಬೇಡ.