‘ಆ ಅಂಕಲ್‌ಗೆ ಯಾಕೆ ಒಂದೇ ಕಾಲು?’

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರು ನಾಲ್ಕು ವರ್ಷದ ಮಗುವನ್ನು ಕರೆದುಕೊಂಡು ಬಸ್ಸು ಹತ್ತಿದವರಿಗೆ ಇದು ಗೊತ್ತಿರುತ್ತದೆ. ಎದುರು ಸೀಟಿನಲ್ಲಿ ಊರುಗೋಲು ಹಿಡಿದ ಒಬ್ಬರು ಕೂತಿರುತ್ತಾರೆ. ಮಗು ಇಡೀ ಬಸ್ಸಿಗೆ ಕೇಳುವ ಹಾಗೆ, ‘ಅಮ್ಮಾ, ಆ ಅಂಕಲ್‌ಗೆ ಯಾಕೆ ಒಂದೇ ಕಾಲು?’ ಅನ್ನುತ್ತದೆ. ಅಮ್ಮನಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ‘ಶ್... ಸುಮ್ನಿರು, ಹಾಗೆಲ್ಲ ಕೇಳಬಾರದು’ ಎಂದು ಮಗುವನ್ನು ಕಿಟಕಿಯ ಕಡೆ ತಿರುಗಿಸಿಬಿಡುತ್ತಾಳೆ.

ಅಷ್ಟರಲ್ಲಿ ಮಗು ಒಂದು ಪಾಠ ಕಲಿತಾಯಿತು. ಕಾಲಿಲ್ಲದಿರುವುದು ಬಾಯಿಬಿಟ್ಟು ಹೇಳಬಾರದ ಸಂಗತಿ, ಏನೋ ನಾಚಿಕೆಗೇಡಿನದು ಅಂತ. ಯಾರೂ ಬೇಕೆಂದು ಕಲಿಸಲಿಲ್ಲ, ಆದರೂ ಕಲಿತುಬಿಟ್ಟಿತು.

ಆದ್ದರಿಂದ ನಾನು ತಂದೆ ತಾಯಂದಿರನ್ನೂ ಶಿಶುವಿಹಾರದ ಟೀಚರ್‌ಗಳನ್ನೂ ಕೇಳಿಕೊಳ್ಳುವುದು ಇಷ್ಟೇ. ಆ ಪ್ರಶ್ನೆಗೆ ಉತ್ತರ ಕೊಡಿ. ಚಿಕ್ಕ ಉತ್ತರ ಸಾಕು, ಆದರೆ ಅದು ನಿಜವಾಗಿರಲಿ. ‘ಹೌದು ಪುಟ್ಟಾ, ಅವರಿಗೆ ಒಂದು ಕಾಲಿಲ್ಲ. ಅದಕ್ಕೇ ಊರುಗೋಲು ಹಿಡಿದು ನಡೀತಾರೆ.’ ಎಷ್ಟೋ ಸಲ ಮಗುವಿನ ಮುಂದಿನ ಪ್ರಶ್ನೆ ಆ ಕೋಲಿನ ಬಗ್ಗೆಯೇ ಇರುತ್ತದೆ. ‘ಅಯ್ಯೋ ಪಾಪ’ ಅನ್ನುವುದು ಮಾತ್ರ ಬೇಡ. ಆ ಮನುಷ್ಯ ಯಾರ ಮರುಕವನ್ನೂ ಕೇಳಿರುವುದಿಲ್ಲ. ಇನ್ನು ‘ತುಂಟಾಟ ಮಾಡಿದರೆ ನಿನಗೂ ಹಾಗೇ ಆಗುತ್ತೆ’ ಎಂಬ ಬೆದರಿಕೆ ಇದೆಯಲ್ಲ, ಅದನ್ನು ದಯವಿಟ್ಟು ಯಾವತ್ತೂ ಹಾಕಬೇಡಿ. ಅಂಗವೈಕಲ್ಯ ಒಂದು ಶಿಕ್ಷೆ ಎಂದು ಮಗು ನಂಬಿಕೊಳ್ಳುತ್ತದೆ.

ಇಷ್ಟು ಚಿಕ್ಕ ಮಕ್ಕಳಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ ಅಂತೀವಿ, ಅಲ್ವಾ? ಗೊತ್ತಾಗುತ್ತದೆ. ಮೂರು ತಿಂಗಳ ಕೂಸು ಕೂಡ ತಾನು ದಿನಾ ಕಾಣುವ ಥರದ ಮುಖಗಳನ್ನೇ ಜಾಸ್ತಿ ಹೊತ್ತು ನೋಡುತ್ತದೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್, 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬೊಂಬೆಗಳನ್ನಿಟ್ಟರು. ಬಣ್ಣ ಒಂದು ಬಿಟ್ಟರೆ ಬೊಂಬೆಗಳಲ್ಲಿ ಬೇರೇನೂ ವ್ಯತ್ಯಾಸವಿಲ್ಲ. ‘ಯಾವುದು ಒಳ್ಳೆಯ ಬೊಂಬೆ?’ ಎಂದಾಗ ಹೆಚ್ಚಿನ ಮಕ್ಕಳು ಬಿಳಿ ಬೊಂಬೆಯನ್ನು ತೋರಿಸಿದರು. ‘ನಿನ್ನ ಹಾಗೆ ಕಾಣುವ ಬೊಂಬೆ ಯಾವುದು?’ ಎಂದಾಗ ಕೆಲವು ಮಕ್ಕಳು ಅತ್ತೇಬಿಟ್ಟರು. ಶಾಲೆಗಳಲ್ಲಿ ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರೆ ಮಾಡುವುದು ತಪ್ಪೆಂದು 1954ರಲ್ಲಿ ತೀರ್ಪು ಕೊಟ್ಟ ಅಮೆರಿಕದ ಸುಪ್ರೀಂ ಕೋರ್ಟ್, ಕೆನೆತ್ ಕ್ಲಾರ್ಕ್ ಅವರ ಬರಹವನ್ನೂ ಉಲ್ಲೇಖಿಸಿತ್ತು. ಮೂರು ವರ್ಷದ ಮಗು ತನ್ನ ಬಣ್ಣವನ್ನು ತಾನೇ ಬೇಡವೆನ್ನುವ ಮಟ್ಟಕ್ಕೆ ಬಂದಿದೆ ಅಂದರೆ, ನಾವು ಎಷ್ಟು ಬೇಗ ಶುರು ಮಾಡಬೇಕು ಯೋಚಿಸಿ.

ಶುರು ಮಾಡುವುದಕ್ಕೆ ದೊಡ್ಡ ಪಾಠವೇನೂ ಬೇಡ. ಬಣ್ಣದ ಡಬ್ಬಿ ಸಾಕು. ಅಮೆರಿಕದ ಕ್ರೇಯೋಲಾ ಬಣ್ಣದ ಕಡ್ಡಿಗಳ ಪೆಟ್ಟಿಗೆಯಲ್ಲಿ 1962ರವರೆಗೂ ಒಂದು ತಿಳಿ ಗುಲಾಬಿ ಕಡ್ಡಿ ‘ಚರ್ಮದ ಬಣ್ಣ’ ಎಂಬ ಹೆಸರಿನಲ್ಲೇ ಇತ್ತು. ಯಾರ ಚರ್ಮ ಸ್ವಾಮಿ ಅದು? ಅದರ ಬದಲು ಮಕ್ಕಳ ಮುಂದೆ ಕಂದು, ಹಳದಿ, ಕೆಂಪು, ಬಿಳಿ, ಕಪ್ಪು ಬಣ್ಣಗಳನ್ನಿಟ್ಟು ‘ನಿಮ್ಮ ನಿಮ್ಮ ಕೈ ಬಣ್ಣ ಮಾಡಿ ನೋಡೋಣ’ ಅನ್ನಿ. ಒಂದು ಹುಡುಗಿ ಕಂದಿಗೆ ಚೂರು ಹಳದಿ ಹಾಕುತ್ತಾಳೆ. ಬ್ರಷ್ಷಿನ ತುದಿಯಿಂದ ಮೊಣಕೈ ಮೇಲೆ ಒಂದು ಚುಕ್ಕೆ ಇಟ್ಟು ನೋಡುತ್ತಾಳೆ. ಹೊಂದಲಿಲ್ಲ. ಇನ್ನೊಂದು ಚೂರು ಕೆಂಪು. ಆಮೇಲೆ ಅಂಗೈ ತಿರುಗಿಸಿ ನೋಡಿದರೆ ಅಲ್ಲಿ ಬೇರೆಯದೇ ಬಣ್ಣ! ಒಂದೇ ಕೈಗೆ ಎರಡು ಬಣ್ಣ ಕಲಸಬೇಕು. ಪಕ್ಕದವನಿಗೂ ಅದೇ ಪಜೀತಿ. ಎಲ್ಲರೂ ಕಂದು ಬಣ್ಣದಿಂದಲೇ ಶುರು ಮಾಡಿದರು, ಯಾರದೂ ಇನ್ನೊಬ್ಬರ ಹಾಗಿಲ್ಲ. ‘ಯಾಕೆ ಟೀಚರ್?’ ಅಂದಾಗ ಹೇಳಬಹುದು: ‘ನಮ್ಮೆಲ್ಲರ ಚರ್ಮದಲ್ಲೂ ಬಣ್ಣ ಕೊಡೋ ಮೆಲನಿನ್ ಅಂತ ಒಂದು ವಸ್ತು ಇರುತ್ತೆ. ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ. ಬಿಸಿಲಿಂದ ಅದು ಚರ್ಮವನ್ನ ಕಾಪಾಡುತ್ತೆ.’ ತೊನ್ನು ಇರುವವರನ್ನು ಕಂಡ ಮಗುವಿಗೂ ಇದೇ ವಿವರಣೆ. ಆ ಜಾಗದಲ್ಲಿ ಬಣ್ಣ ಮಾಡುವ ಜೀವಕೋಶಗಳು ಹೋಗಿವೆ, ಮುಟ್ಟಿದರೆ ಅದು ಯಾರಿಗೂ ಅಂಟುವುದಿಲ್ಲ. ಈ ಕೊನೆಯ ಮಾತನ್ನು ಮಗು ಕೇಳದಿದ್ದರೂ ಹೇಳಿ. ಒಳಗೊಳಗೇ ಅದಕ್ಕಿರುವುದು ಅದೇ ಹೆದರಿಕೆ.

ಇನ್ನು ಮನೆಯ ವಿಷಯ. ‘ಅಪ್ಪ ಅಮ್ಮನ ಚಿತ್ರ ಬರೀರಿ’ ಎಂದು ಟೀಚರ್ ಹೇಳಿದ ಕೂಡಲೇ ಯಾವುದಾದರೂ ಒಂದು ಮಗು ಪೆನ್ಸಿಲ್ ಹಿಡಿದು ಸುಮ್ನೆ ಕೂತುಬಿಡುತ್ತದೆ. ಅದನ್ನು ಸಾಕುತ್ತಿರುವುದು ಅಜ್ಜಿ ಇರಬಹುದು. ಅಪ್ಪ ತೀರಿಕೊಂಡಿರಬಹುದು. ಅಪ್ಪ ಅಮ್ಮ ಬೇರೆಯಾಗಿ ಮಗು ವಾರಕ್ಕೊಂದು ಮನೆಯಲ್ಲಿರಬಹುದು. ದತ್ತು ಬಂದಿರಬಹುದು, ಇಬ್ಬರು ಅಮ್ಮಂದಿರ ಮನೆಯಲ್ಲಿ ಬೆಳೆಯುತ್ತಿರಬಹುದು. ‘ನಿಮ್ಮನೇಲಿ ಯಾರ್ಯಾರಿದ್ದಾರೆ?’ ಎಂದು ಕೇಳಿದರೆ ಆಯಿತು, ಎಲ್ಲ ಮಕ್ಕಳ ಹತ್ತಿರವೂ ಉತ್ತರವಿರುತ್ತದೆ. ರಾತ್ರಿ ಕಥೆ ಹೇಳೋರು ಯಾರು? ಬಿದ್ದಾಗ ಯಾರ ಹತ್ತಿರ ಓಡಿಹೋಗ್ತೀಯಾ? ಕುಟುಂಬ ಅಂದರೇನು ಎಂಬುದು ಮಕ್ಕಳಿಗೆ ಈ ಪ್ರಶ್ನೆಗಳಿಂದಲೇ ಅರ್ಥವಾಗುತ್ತದೆ. ದತ್ತು ಮಗುವನ್ನು ಯಾರಾದರೂ ‘ನಿನ್ನ ನಿಜವಾದ ಅಮ್ಮ ಎಲ್ಲಿ?’ ಎಂದರೆ ಟೀಚರ್ ಅಲ್ಲೇ ಹೇಳಬೇಕು: ‘ಬೆಳಿಗ್ಗೆ ಇವಳನ್ನ ಬಿಟ್ಟು ಹೋದರಲ್ಲ, ಅವರೇ ಇವಳ ಅಮ್ಮ.’ ದಾಖಲಾತಿ ಅರ್ಜಿಯಲ್ಲೂ ತಂದೆ, ತಾಯಿ ಎಂಬ ಎರಡೇ ಗೆರೆಗಳ ಜೊತೆ ‘ಮಗುವನ್ನು ನೋಡಿಕೊಳ್ಳುವವರು’ ಎಂಬ ಗೆರೆಯೊಂದಿರಲಿ.

ಕೆಲವೊಮ್ಮೆ ಕಷ್ಟದ ಮಾತೂ ಬರುತ್ತದೆ. ‘ನಾನು ಅವನ ಕೈ ಹಿಡಿಯಲ್ಲ, ಅವನಿಗೆ ಬೆರಳಿಲ್ಲ.’ ಬೈದರೆ ಆ ಮಾತು ಟೀಚರ್ ಇಲ್ಲದ ಕಡೆಗೆ ಹೋಗುತ್ತದೆ ಅಷ್ಟೇ. ‘ಅವನಿಗೆ ಎರಡು ಬೆರಳಿವೆ. ಹಿಡಿದರೆ ನಿನಗೂ ನೋವಾಗಲ್ಲ, ಅವನಿಗೂ ನೋವಾಗಲ್ಲ. ಇವತ್ತು ನಾನು ಹಿಡ್ಕೋತೀನಿ’ ಎಂದು ಕೈ ಹಿಡಿದು ಆಟ ಮುಂದುವರಿಸಿ. ಎಲ್ಲರ ಕಣ್ಣೂ ಅದರ ಮೇಲಿರುತ್ತದೆ.

ಆ ಹುಡುಗನ ಬಗ್ಗೆಯೂ ಯೋಚಿಸಬೇಕಲ್ಲವೇ? ದಿನಾ ಹೊಸಬರು ಅವನನ್ನು ಅದನ್ನೇ ಕೇಳುತ್ತಾರೆ. ಎಲ್ಲರಿಗೂ ಪಾಠ ಹೇಳುವ ಹೊಣೆ ಅವನದಲ್ಲ. ಅವನ ಜೊತೆ, ಅವನ ಮನೆಯವರ ಜೊತೆ ಕೂತು ಅವನಿಗೆ ಇಷ್ಟವಾಗುವ ಒಂದು ಉತ್ತರ ಹುಡುಕಿಕೊಡಿ. ‘ಹುಟ್ಟಿದಾಗಿಂದ ನನ್ನ ಕೈ ಹೀಗೇ ಇದೆ. ಬಾ, ಆಡೋಣ.’ ಹೇಳಲು ಮನಸ್ಸಿಲ್ಲದ ದಿನ ಅವನು ಟೀಚರ್ ಕಡೆ ನೋಡಲಿ, ಅವನ ಪರವಾಗಿ ಟೀಚರ್ ಹೇಳಲಿ.

ನಮಸ್ಕಾರ.