ತಿರುಚಿದ ಕಂಬಿಯ ಉದ್ದ ಅಳೆದಿದ್ದೀರಾ?

ಕೇಳುಗರಿಗೆ ನಮಸ್ಕಾರ. ಅಂತರಸನಹಳ್ಳಿ, ವಸಂತನರಸಾಪುರದ ಕಾರ್ಖಾನೆ ಶೆಡ್ಡುಗಳಲ್ಲಿ ಕೆಲಸ ಮಾಡುವವರು, ತುಮಕೂರಿನ ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗ ಹುಡುಗಿಯರು, ಈ ಮಾತು ನಿಮಗೇ. ಲೋಹವನ್ನು ತಿರುಚುವಾಗ ಅದರ ಉದ್ದವನ್ನೂ ಅಳೆಯಿರಿ. ನಾನು ಹೇಳಬೇಕಾದದ್ದು ಇದೊಂದೇ.

ಒದ್ದೆ ಬಟ್ಟೆ ಹಿಂಡಿದರೆ ಗಿಡ್ಡವಾಗುತ್ತದೆ. ತಾಮ್ರದ ಕಂಬಿಯೂ ಹಾಗೇ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಅದು ಉದ್ದವಾಗುತ್ತದೆ!

ನಮ್ಮ ಲ್ಯಾಬಿನಲ್ಲಿ ಒಮ್ಮೆ ಕಾಯಿಸಿ ಮೆದು ಮಾಡಿದ ತಾಮ್ರದ ಕಂಬಿ ತೆಗೆದುಕೊಂಡೆವು. ದಪ್ಪ 10 ಮಿಲಿಮೀಟರ್, ತಿರುಚುವ ಭಾಗ 50 ಮಿಲಿಮೀಟರ್. ಉದ್ದಕ್ಕೂ ಮಾರ್ಕರ್‌ನಲ್ಲಿ ಒಂದು ನೇರ ಗೆರೆ. ಒಂದು ತುದಿ ಚಕ್‌ನಲ್ಲಿ, ಅಂದರೆ ಮಷೀನಿನ ಹಿಡಿತದಲ್ಲಿ, ಬಿಗಿ, ಇನ್ನೊಂದು ತುದಿಯ ಚಕ್ ಹಿಂದೆ ಮುಂದೆ ಸರಿಯಬಲ್ಲದು. ಒಂದು ಸುತ್ತು ತಿರುಗಿಸಿದಾಗ ಗೆರೆ ಬೋಲ್ಟಿನ ಸುರುಳಿ ಗೆರೆಯ ಹಾಗೆ ಸುತ್ತಿಕೊಂಡಿತು. ಲೋಹದ ಪದರಗಳು ಒಂದರ ಮೇಲೊಂದು ಜಾರಿದ ಪ್ರಮಾಣ, ಅಂದರೆ ಶಿಯರ್ ಸ್ಟ್ರೇನ್, ಕಂಬಿಯ ಮೈಮೇಲೆ ಸುಮಾರು 0.63. ನಟ್ಟನಡುವೆ ಸೊನ್ನೆ. ಹುಡುಗರ ಕಣ್ಣೆಲ್ಲ ಟಾರ್ಕ್, ಅಂದರೆ ತಿರುಚುವ ಬಲ, ತೋರಿಸುವ ಡಯಲ್ ಮೇಲೆ. ಇನ್ನೂ ತಿರುಚಿಸಿ, ಉದ್ದ ಅಳೆಯುವ ವರ್ನಿಯರ್ ಕೈಗೆ ಕೊಟ್ಟೆ. ಉದ್ದ ಜಾಸ್ತಿಯಾಗಿತ್ತು. "ಸಾರ್, ಚಕ್ ಜಾರಿರಬೇಕು" ಅಂದ ಒಬ್ಬ. ಒಳ್ಳೆಯ ಅನುಮಾನ. ಹೊಸ ಕಂಬಿಯ ಸುತ್ತ ಬಳೆಯ ಹಾಗೆ ಎರಡು ಗೆರೆ ಗೀಚಿಸಿದೆ. ಚಕ್‌ನ ಗೊಡವೆಯೇ ಬೇಡ, ಬಳೆಯಿಂದ ಬಳೆಗೆ ಅಳೆಯಿರಿ ಅಂದೆ. ತಿರುಚಿದಷ್ಟೂ ಬಳೆಗಳು ದೂರ ಸರಿದವು. ಆ ಹುಡುಗ ಅಳೆದದ್ದನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದ. ನನಗೆ ಆಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ.

1947ರಲ್ಲಿ ಸ್ವಿಫ್ಟ್ ಎಂಬ ವಿಜ್ಞಾನಿ ಇದನ್ನೇ ತಾಮ್ರ, ಅಲ್ಯೂಮಿನಿಯಂ, ಹಿತ್ತಾಳೆ, ಉಕ್ಕಿನಲ್ಲಿ ಅಳೆದು ಬರೆದರು. ಎಲ್ಲವೂ ಉದ್ದವಾದವು. ಸೀಸ ಮಾತ್ರ ಗಿಡ್ಡವಾಯಿತು.

ಯಾಕೆ? ಲೋಹದೊಳಗೆ ಸಣ್ಣ ಸಣ್ಣ ಹರಳುಗಳಿವೆ. ತಿರುಚುತ್ತಾ ಹೋದರೆ ಅವು ಒಂದು ದಿಕ್ಕಿಗೆ ಹೊರಳುತ್ತವೆ, ಅದರಿಂದ ಉದ್ದವೂ ಬದಲಾಗುತ್ತದೆ. ಪಾಠದಲ್ಲಿ ತಿರುಚುವಿಕೆಯ ಲೆಕ್ಕಕ್ಕೆ ಬಳಸುವ ಸರಳ ಮಾಡೆಲ್‌ಗೆ ಹರಳುಗಳೇ ಗೊತ್ತಿಲ್ಲ. ಅದರ ಉತ್ತರ: ಉದ್ದದಲ್ಲಿ ಬದಲಾವಣೆ ಇಲ್ಲ. ಮಾಡೆಲ್‌ನ ಟಾರ್ಕ್ ಗ್ರಾಫ್ ಅಳತೆಗೆ ಸರಿಯಾಗಿ ಕೂತಿತು ಅಂತ ಸುಮ್ನೆ ಖುಷಿಪಡಬೇಡಿ, ದಯವಿಟ್ಟು. ಉದ್ದ ಕೇಳಿ ನೋಡಿ, ಮಾಡೆಲ್‌ನ ಬಂಡವಾಳ ಬಯಲಾಗುತ್ತದೆ.

ಇನ್ನೊಂದು ತಮಾಷೆ ಇದೆ, ಸಮಯ ಕಡಿಮೆ. ಒಂದು ಹೆಸರಾಂತ ಲೆಕ್ಕದ ಕ್ರಮದಲ್ಲಿ, ಒಂದೇ ದಿಕ್ಕಿಗೆ ಜಾರಿಸುತ್ತಾ ಹೋದರೂ ಬಲ ಏರಿ ಇಳಿದು, ಮತ್ತೆ ಏರುತ್ತದೆ. 1982ರಲ್ಲಿ ನಾಗ್ಟೆಗಾಲ್ ಮತ್ತು ಡಿ ಯಾಂಗ್ ಎಂಬ ಸಂಶೋಧಕರು ಇದನ್ನು ತೋರಿಸಿಕೊಟ್ಟರು. ನಿಜವಾದ ಲೋಹ ಹಾಗೆ ಕುಣಿಯುವುದಿಲ್ಲ. ಹರಳುಗಳ ಹೊರಳಾಟವನ್ನೂ ಲೆಕ್ಕಕ್ಕೆ ಹಿಡಿಯುವ ಮಾಡೆಲ್‌ಗಳಿವೆ, ಅವನ್ನು ಕಲಿಯಿರಿ.

ನಿಮ್ಮ ಮಷೀನಿನಲ್ಲಿ ಎರಡೂ ತುದಿ ಬಿಗಿಯಾಗಿದ್ದರೆ ಕಂಬಿಗೆ ಉದ್ದವಾಗಲು ಜಾಗವಿರುವುದಿಲ್ಲ. ಅದು ಚಕ್‌ಗಳನ್ನು ಹೊರಕ್ಕೆ ತಳ್ಳುತ್ತದೆ. ಆಗ ಉದ್ದದ ಬದಲು ಆ ತಳ್ಳುವ ಬಲವನ್ನೇ ಅಳೆಯಿರಿ, ಬಲ ಅಳೆಯುವ ಒಂದು ಲೋಡ್ ಸೆಲ್ ಸಾಕು. ನಮಸ್ಕಾರ.